ಉಡಿದಾರದ ಲೆಕ್ಕ

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಚೀಲದ ತೂಕವೊಂದನ್ನೇ ನೋಡಿ ಯಾರೂ ದರ ಕಟ್ಟುವುದಿಲ್ಲ. ಒಳಗಿರುವ ಅಡಿಕೆಯ ದರ್ಜೆ ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಎಂದು ಕೈಯಾಡಿಸಿ ನೋಡಿದ ಮೇಲೆಯೇ ವ್ಯಾಪಾರ. ಮೈತೂಕದ ವಿಷಯದಲ್ಲಿ ಮಾತ್ರ ನಾವು ತಕ್ಕಡಿ ಹೇಳಿದ್ದನ್ನೇ ಒಪ್ಪಿಬಿಡುತ್ತೇವೆ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವ ಬಿಎಂಐ (ದೇಹ ತೂಕ ಸೂಚ್ಯಂಕ) ಸೂತ್ರದ ಬೇರು 1830ರ ದಶಕದಲ್ಲಿದೆ. ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ ಹುಡುಕುತ್ತಿದ್ದುದು ಜನಸಮೂಹದ 'ಸರಾಸರಿ ಮನುಷ್ಯ'ನನ್ನು. ಒಬ್ಬೊಬ್ಬರ ಕೊಬ್ಬನ್ನು ಅಳೆಯುವುದು ಅವನ ಉದ್ದೇಶವೇ ಆಗಿರಲಿಲ್ಲ.

ಅಡಿಕೆ ಕೊನೆ ಕೊಯ್ಯುತ್ತಾ ದಿನವಿಡೀ ಮರದಿಂದ ಮರಕ್ಕೆ ದಾಟುವ ತೀರ್ಥಹಳ್ಳಿ ಕಡೆಯ ಕೊನೆಗೌಡನೊಬ್ಬ, ಗಾದಿಯ ಮೇಲೆ ಕುಳಿತು ಲೆಕ್ಕ ಬರೆಯುವ ಮಂಡಿಯ ಗುಮಾಸ್ತನೊಬ್ಬ, ಇಬ್ಬರೂ 165 ಸೆಂ.ಮೀ. ಎತ್ತರ, 64 ಕಿಲೋ ತೂಕದವರು ಎಂದಿಟ್ಟುಕೊಳ್ಳೋಣ. ಇಬ್ಬರ ಬಿಎಂಐ ಕೂಡ 23.5, ಭಾರತೀಯರಿಗೆ ನಿಗದಿಯಾದ 23ರ ಅತಿತೂಕದ ಗೆರೆಯನ್ನು ಇಬ್ಬರೂ ದಾಟಿದ್ದಾರೆ. ಆದರೆ ಮೊದಲನೆಯವನ ಸೊಂಟದ ಸುತ್ತಳತೆ 78 ಸೆಂ.ಮೀ., ಎರಡನೆಯವನದು 94 ಆಗಿದ್ದರೆ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಇದು ಬರಿಯ ಊಹೆಯಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಅಳತೆಗಳನ್ನು ಮುಂದಿಟ್ಟರು: ಇಬ್ಬರ ಬಿಎಂಐ ಒಂದೇ, ಸುಮಾರು 22; ದೇಹದ ಕೊಬ್ಬು ಮಾತ್ರ ಯಾಜ್ಞಿಕರಲ್ಲಿ ಶೇ 21, ಯಡ್ಕಿನ್ನರಲ್ಲಿ ಶೇ 9.

ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿ ಕೂತಿದೆ ಎಂಬುದು ಹಲವು ಬಾರಿ ದೊಡ್ಡ ಪ್ರಶ್ನೆ. ತೊಡೆ, ನಿತಂಬಗಳ ಚರ್ಮದಡಿಯ ಕೊಬ್ಬು ಬಹುಮಟ್ಟಿಗೆ ಕಣಜದ ಭತ್ತದಂತೆ ತಣ್ಣಗಿರುತ್ತದೆ. ಕರುಳಿನ ಸುತ್ತ ಮೆತ್ತಿಕೊಂಡದ್ದು ಹಾಗಲ್ಲ. ಅದು ಬಿಡುವ ಕೊಬ್ಬಿನಾಮ್ಲಗಳು ಕರುಳಿನ ರಕ್ತದೊಡನೆ ನೇರವಾಗಿ ಯಕೃತ್ತನ್ನು ಸೇರಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ ಎಂಬುದು ಒಂದು ಪ್ರಬಲ ವಿವರಣೆ. ಸಕ್ಕರೆ ಕಾಯಿಲೆ, ಹೃದ್ರೋಗಗಳ ಜತೆ ಹೊಟ್ಟೆಯ ನಂಟು ಹೀಗೆ ಬೆಳೆಯುತ್ತದೆ.

ಇದನ್ನು ಅಂದಾಜು ಮಾಡಲು ಒಂದು ದಾರ ಸಾಕು. ಎತ್ತರದಷ್ಟು ಉದ್ದದ ದಾರವನ್ನು ಎರಡಾಗಿ ಮಡಚಿ ಸೊಂಟಕ್ಕೆ ಸುತ್ತಿದಾಗ ತುದಿಗಳು ಕೂಡದಿದ್ದರೆ ಎತ್ತರಕ್ಕೆ ಸೊಂಟದ ಅನುಪಾತ 0.5 ದಾಟಿದೆ ಎಂದರ್ಥ. ನಮ್ಮ ಗುಮಾಸ್ತನದು 0.57, ಕೊನೆಗೌಡನದು 0.47. ದಕ್ಷಿಣ ಏಷ್ಯಾದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಎಂಬ ನೇರ ಗಡಿಯೂ ಬಳಕೆಯಲ್ಲಿದೆ. ತೂಕ, ಎತ್ತರ, ಸೊಂಟ ಮೂರನ್ನೂ ಬೆಸೆಯುವ ಎಬಿಎಸ್‌ಐ ಎಂಬ ಸೂತ್ರ 2012ರಲ್ಲಿ ಬಂತು. ಅದಕ್ಕೆ ಕ್ಯಾಲ್ಕುಲೇಟರ್ ಬೇಕು, ಜಗಲಿಯ ಮೇಲೆ ಕೂತು ಹಾಕುವ ಲೆಕ್ಕವಲ್ಲ.

ಪ್ಯಾಂಟಿನ ಸೈಜನ್ನಾಗಲಿ ಹಳೆಯ ಉಡಿದಾರವನ್ನಾಗಲಿ ನಂಬುವಂತಿಲ್ಲ, ಹೊಟ್ಟೆ ಬಂದಂತೆ ಎರಡೂ ಅದರ ಕೆಳಕ್ಕೆ ಜಾರಿಕೊಳ್ಳುತ್ತವೆ. ಅಳೆಯಬೇಕಾದದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟ ಮೇಲೆ, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ. ಬಸುರಿಯರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಇನ್ನು, ಸುತ್ತಳತೆಯಲ್ಲಿ ಚರ್ಮದಡಿಯ ಕೊಬ್ಬೆಷ್ಟು, ಒಳಗಿನದೆಷ್ಟು ಎಂದು ಬಿಡಿಸಿ ಹೇಳಲು ದಾರಕ್ಕೆ ಸಾಧ್ಯವಿಲ್ಲ, ಅದಕ್ಕೆ ಸ್ಕ್ಯಾನ್ ಬೇಕು. ಗುಮಾಸ್ತನಿಗೆ ಸಕ್ಕರೆ ಮತ್ತು ರಕ್ತದೊತ್ತಡದ ಪರೀಕ್ಷೆ ಮಾಡಿಸಲು ಹೇಳುವಷ್ಟು ಕೆಲಸ ಮಾತ್ರ ದಾರದ್ದು.