ಚೆನ್ನೈಯಿಂದ ಹಡಗು ಹತ್ತಿದ ನಮ್ಮ ಈರುಳ್ಳಿ ಯಾವ ರಾಜ್ಯದ ರಫ್ತು?

ಪ್ರಶ್ನೆ: ಸರ್, ನಮ್ಮ ಚಿಂತಾಮಣಿ ಕಡೆ ಬೆಳೆಯುವ ಗುಲಾಬಿ ಈರುಳ್ಳಿ ಲಾರಿ ಹತ್ತಿ ಚೆನ್ನೈಗೆ ಹೋಗುತ್ತದೆ, ಅಲ್ಲಿಂದ ಹಡಗು. ಹಾಗಾದರೆ ರಫ್ತು ತಮಿಳುನಾಡಿನ ಲೆಕ್ಕಕ್ಕೆ, ತೆರಿಗೆನೂ ಅವರಿಗೇ, ಅಲ್ವಾ? ಬೆಳೆದ ನಮಗೆ ಏನು ಬಂತು?

ಇಲ್ಲ. ರಫ್ತು ನಮ್ಮದೇ. ತೆರಿಗೆ ಅವರಿಗೂ ಇಲ್ಲ, ನಮಗೂ ಇಲ್ಲ.

ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ ಅಂತ ನನಗೆ ಗೊತ್ತು. ಕೋಲಾರದವರು ಕೇಳುತ್ತಾರೆ, ಗೌರಿಬಿದನೂರಿನವರು ಕೇಳುತ್ತಾರೆ, ತುಮಕೂರಿನವರೂ ಬಿಟ್ಟಿಲ್ಲ. ಕೆಲವರಿಗೆ ಈರುಳ್ಳಿ ಚಿಂತೆ, ಕೆಲವರಿಗೆ ಮಿಡಿಸೌತೆ (ಗರ್ಕಿನ್), ಈಗೀಗ ಕೋಲಾರದ ನರಸಾಪುರದಲ್ಲಿ ಜೋಡಿಸುವ ಫೋನು. ಮಾಲು ಬೇರೆ, ಪ್ರಶ್ನೆ ಅದೇ. ಕಾಮರ್ಸ್ ಪಾಠ ಮಾಡುವವನಾಗಿ ಇದನ್ನು ಹೇಳಿ ಹೇಳಿ ಸಾಕಾಗಿದೆ, ಆದ್ದರಿಂದ ಒಂದೇ ಸಲ ಉದ್ದಕ್ಕೆ ಬರೆಯುತ್ತಿದ್ದೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಮೊದಲು ಕಾಗದ ನೋಡೋಣ. ದೇಶ ಬಿಟ್ಟು ಹೋಗುವ ಪ್ರತಿ ಲೋಡಿಗೂ ಕಸ್ಟಮ್ಸ್‌ಗೆ ಒಂದು ಶಿಪ್ಪಿಂಗ್ ಬಿಲ್ ಕೊಡಬೇಕು. ಮಾಲು ಏನು, ಎಷ್ಟು, ಯಾವ ದೇಶಕ್ಕೆ, ಯಾವ ಬಂದರಿನಿಂದ, ಎಲ್ಲ ಅದರಲ್ಲಿ ಇರುತ್ತದೆ. ಅದರಲ್ಲೇ ಮಾಲು ಹುಟ್ಟಿದ ರಾಜ್ಯ ಯಾವುದು ಅಂತ ಬೇರೆ ಕಲಂ ಇದೆ. 2020ರ ಫೆಬ್ರವರಿಯಿಂದ ಜಿಲ್ಲೆಯನ್ನೂ ಬರೆಯಬೇಕು. ರಾಜ್ಯವಾರು ರಫ್ತಿನ ಅಂಕಿಅಂಶ ಬರುವುದು ಈ ಕಲಂನಿಂದ, ಬಂದರಿನ ಕಲಂನಿಂದ ಅಲ್ಲ. ಬಂದರಿನ ಪ್ರಕಾರವೇ ಲೆಕ್ಕ ಹಾಕುವುದಾದರೆ ಸಮುದ್ರವೇ ಇಲ್ಲದ ಪಂಜಾಬ್, ಹರಿಯಾಣ, ತೆಲಂಗಾಣದ ಹೆಸರು ಆ ಪಟ್ಟಿಯಲ್ಲಿ ಬರುವುದಾದರೂ ಹೇಗೆ? ಬರುತ್ತದೆ, ಪ್ರತಿ ವರ್ಷ ಬರುತ್ತದೆ.

ಇನ್ನೊಂದು ವಿಷಯ. ಕಂಟೇನರ್‌ನಲ್ಲಿ ಹೋಗುವ ಎಷ್ಟೋ ಮಾಲಿಗೆ ಕಸ್ಟಮ್ಸ್ ಕೆಲಸ ಚೆನ್ನೈಯಲ್ಲಿ ನಡೆಯುವುದೇ ಇಲ್ಲ. ಮಾಲೂರು ದಾಟಿ ಸ್ವಲ್ಪ ಮುಂದೆ ಹೋದರೆ ವೈಟ್‌ಫೀಲ್ಡ್, ಅಲ್ಲೇ ಕಂಟೇನರ್ ಡಿಪೋ ಇದೆ. ಒಣ ನೆಲದ ಮೇಲಿನ ಬಂದರು ಅದು. ಅಲ್ಲಿ ತಪಾಸಣೆ ಆಗಿ, ಸೀಲ್ ಬಿದ್ದು, ಕಂಟೇನರ್ ರೈಲು ಹತ್ತುತ್ತದೆ. ಚೆನ್ನೈಯಲ್ಲಿ ಹಡಗಿಗೆ ಏರಿಸುವುದಷ್ಟೇ ಬಾಕಿ.

ಈಗ ತೆರಿಗೆಗೆ ಬನ್ನಿ. ನಿಜವಾದ ಹೊಟ್ಟೆನೋವು ಇರುವುದು ಇಲ್ಲೇ. "ನಮ್ಮ ಮಾಲು, ಅವರ ಖಜಾನೆ" ಅನ್ನುವ ಮಾತು ಮಂಡಿಯಲ್ಲಿ ಕೇಳಿದ್ದೇನೆ, ಬಸ್ಸಿನಲ್ಲಿ ಕೇಳಿದ್ದೇನೆ, ಓದಿದವರ ಬಾಯಲ್ಲೂ ಕೇಳಿದ್ದೇನೆ. ಸಂವಿಧಾನದ 286ನೇ ವಿಧಿ ತೆಗೆದು ನೋಡಿ. ದೇಶದಿಂದ ಹೊರಗೆ ಹೋಗುವ, ಹೊರಗಿನಿಂದ ಬರುವ ಮಾಲಿನ ವ್ಯಾಪಾರದ ಮೇಲೆ ಯಾವ ರಾಜ್ಯವೂ ತೆರಿಗೆ ಹಾಕುವಂತಿಲ್ಲ. ಜಿಎಸ್‌ಟಿ ಬಂದ ಮೇಲೂ ರಫ್ತಿಗೆ ಶೂನ್ಯ ದರ. ರಫ್ತುದಾರ ಮೊದಲೇ ಕಟ್ಟಿದ್ದರೂ ವಾಪಸ್ ಪಡೆಯುತ್ತಾನೆ. ಕಸ್ಟಮ್ಸ್ ಸುಂಕ ಇದ್ದರೆ ಅದು ಕೇಂದ್ರಕ್ಕೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲು ಹಂಚುವುದು ಹಣಕಾಸು ಆಯೋಗದ ಸೂತ್ರದ ಪ್ರಕಾರ, ಆ ಸೂತ್ರದಲ್ಲಿ ಬಂದರಿಗೆ ಜಾಗ ಇಲ್ಲ. ಚೆನ್ನೈ ಬಂದರು ಕೂಡ ತಮಿಳುನಾಡು ಸರ್ಕಾರದ ಆಸ್ತಿ ಅಲ್ಲ, ನಮ್ಮ ಮಂಗಳೂರಿನ ಪಣಂಬೂರು ಬಂದರಿನ ಹಾಗೆ ಕೇಂದ್ರದ ಕೈಕೆಳಗೆ ಇದೆ. ವಿದೇಶದಿಂದ ಬರುವ ದುಡ್ಡು ರಫ್ತುದಾರನ ಬ್ಯಾಂಕ್ ಖಾತೆಗೆ ಬೀಳುತ್ತದೆ. ಆ ಖಾತೆ ಚಿಕ್ಕಬಳ್ಳಾಪುರದಲ್ಲಿ ಇದ್ದರೆ ದುಡ್ಡು ಚಿಕ್ಕಬಳ್ಳಾಪುರಕ್ಕೆ.

ಇಷ್ಟಾದರೂ ಈ ಸುದ್ದಿ ಯಾಕೆ ಸಾಯುವುದಿಲ್ಲ? ಅದಕ್ಕೆ ಈರುಳ್ಳಿಯ ಕಥೆಯೇ ಕಾರಣ ಅಂತ ನನ್ನ ಅನಿಸಿಕೆ. 2019ರ ಸೆಪ್ಟೆಂಬರ್ ಕೊನೆಯಲ್ಲಿ, ಇಲ್ಲಿ ಬೆಲೆ ಇಳಿಯಲಿ ಅಂತ ಕೇಂದ್ರ ಎಲ್ಲ ಈರುಳ್ಳಿಯ ರಫ್ತು ನಿಲ್ಲಿಸಿತು. ನಮ್ಮವರು ಕಂಗಾಲಾದರು. ಯಾಕೆಂದರೆ ಗುಲಾಬಿ ಈರುಳ್ಳಿ ನಮ್ಮ ಅಡುಗೆಮನೆಯ ಈರುಳ್ಳಿ ಅಲ್ಲ. ಗಡ್ಡೆ ಚಿಕ್ಕದು, ಬುಡ ಚಪ್ಪಟೆ, ಬಣ್ಣ ಕಡುಗೆಂಪು, ಘಾಟು ಜಾಸ್ತಿ. ಇಲ್ಲಿ ಕೊಳ್ಳುವವರು ಕಡಿಮೆ. ಮಲೇಷ್ಯಾ, ಸಿಂಗಾಪುರ, ಇಂಡೋನೇಷ್ಯಾ, ಶ್ರೀಲಂಕಾದವರಿಗೆ ಬೇಕಾದ ಮಾಲು ಅದು, ಅವರನ್ನೇ ನಂಬಿ ನಮ್ಮವರು ಬೆಳೆಯುತ್ತಾರೆ. ರಫ್ತು ನಿಂತರೆ ಹೊಲದಲ್ಲೇ ಕೊಳೆಯುತ್ತದೆ, ನಮ್ಮ ಹೋಟೆಲಿನ ಸಾಗುವಿನ ಖರ್ಚು ಒಂದು ಪೈಸೆ ಇಳಿಯುವುದಿಲ್ಲ. ರೈತರು ಕೂಗಾಡಿದ ಮೇಲೆ ಅಕ್ಟೋಬರ್ ಕೊನೆಗೆ 9,000 ಟನ್‌ಗೆ ಅನುಮತಿ ಸಿಕ್ಕಿತು. 2020ರಲ್ಲಿ ಮತ್ತೆ ನಿಷೇಧ, ಮತ್ತೆ ವಿನಾಯಿತಿ, ಆ ಸಲ 10,000 ಟನ್. ಎರಡು ಸಲವೂ ಆದೇಶದಲ್ಲಿ ಒಂದು ಷರತ್ತು ಇತ್ತು: ಚೆನ್ನೈ ಬಂದರಿನಿಂದ ಮಾತ್ರ ಕಳಿಸಬೇಕು.

ಜನ ಹಿಡಿದುಕೊಂಡಿದ್ದು ಈ ಸಾಲನ್ನು. ಅದರ ಪಕ್ಕದ ಸಾಲನ್ನು ಯಾರೂ ಓದಲಿಲ್ಲ. ಇದು ಬೆಂಗಳೂರು ರೋಸ್ ಈರುಳ್ಳಿಯೇ (ನಮ್ಮ ಗುಲಾಬಿ ಈರುಳ್ಳಿಯ ಕಾಗದದ ಹೆಸರು) ಹೌದು, ಇಷ್ಟೇ ತೂಕ ಹೌದು ಅಂತ ಕರ್ನಾಟಕದ ತೋಟಗಾರಿಕೆ ಇಲಾಖೆಯ ಆಯುಕ್ತರ ಪ್ರಮಾಣಪತ್ರ ಇರಬೇಕು ಅಂತ ಅದೇ ಆದೇಶ ಹೇಳಿತ್ತು. 2023ರ ಆಗಸ್ಟ್‌ನಲ್ಲಿ ಈರುಳ್ಳಿ ರಫ್ತಿಗೆ ಶೇ 40 ಸುಂಕ ಬಿತ್ತು. ಸೆಪ್ಟೆಂಬರ್ ಕೊನೆಗೆ ನಮ್ಮ ಗುಲಾಬಿ ಈರುಳ್ಳಿಗೆ ಮಾಫಿ ಸಿಕ್ಕಾಗಲೂ ಅದೇ ಪ್ರಮಾಣಪತ್ರ ಕೇಳಿದರು. ಲಾಲ್‌ಬಾಗ್‌ನ ತೋಟಗಾರಿಕೆ ಇಲಾಖೆಯ ಕಚೇರಿಯಿಂದ ಕಾಗದ ಬರದೆ ಒಂದು ಚೀಲವೂ ಹಡಗು ಹತ್ತುವಂತಿರಲಿಲ್ಲ. 2015ರಲ್ಲಿ ಇದಕ್ಕೆ ಜಿಐ ಗುರುತು, ಅಂದರೆ ಇಂಥ ಪ್ರದೇಶದ್ದೇ ಮಾಲು ಅನ್ನುವ ಅಧಿಕೃತ ಗುರುತು, ಸಿಕ್ಕಿದ್ದೂ ಬೆಂಗಳೂರು ರೋಸ್ ಅನ್ನುವ ಹೆಸರಲ್ಲೇ. ಇಷ್ಟೆಲ್ಲ ಕಾಗದದಲ್ಲಿ ಕರ್ನಾಟಕ ಅಂತ ಬರೆದಿರುವಾಗ ಅದು ತಮಿಳುನಾಡಿನ ರಫ್ತು ಆಗುವುದಾದರೂ ಹೇಗೆ, ನೀವೇ ಹೇಳಿ.

ಚೆನ್ನೈಯೇ ಯಾಕೆ, ನಮ್ಮ ಮಂಗಳೂರು ಇಲ್ವಾ ಅಂದರೆ, ಕೋಲಾರದ ಪಕ್ಕ ಹಾದುಹೋಗುವ ಹೆದ್ದಾರಿ 75ನ್ನು ನೆನಪು ಮಾಡಿಕೊಳ್ಳಿ. ಅದೇ ರಸ್ತೆ ಪಶ್ಚಿಮಕ್ಕೆ ಬೆಂಗಳೂರು, ಹಾಸನ ದಾಟಿ ಶಿರಾಡಿ ಘಾಟಿ ಇಳಿದು ಬಂಟ್ವಾಳಕ್ಕೆ ಹೋಗುತ್ತದೆ, ಪೂರ್ವಕ್ಕೆ ಮುಳಬಾಗಿಲು ದಾಟಿ ವೆಲ್ಲೂರಿಗೆ. ಮಂಗಳೂರು ಸುಮಾರು 400 ಕಿ.ಮೀ. ಮೇಲೆ, ಚೆನ್ನೈ 300ರ ಒಳಗೆ. ಮಳೆಗಾಲದಲ್ಲಿ ಘಾಟಿ ಕುಸಿದು ಲಾರಿ ನಿಂತರೆ ಈರುಳ್ಳಿ ಕಾಯುವುದಿಲ್ಲ. ಸಿಂಗಾಪುರಕ್ಕೆ ಹೋಗುವ ಹಡಗು ಮಂಗಳೂರಿನಿಂದ ಹೊರಟರೆ ಶ್ರೀಲಂಕಾ ಸುತ್ತಿಕೊಂಡು ಹೋಗಬೇಕು, ಚೆನ್ನೈಯಿಂದ ನೇರ ಪೂರ್ವಕ್ಕೆ. ಇದರಲ್ಲಿ ರಾಜಕೀಯ ಹುಡುಕಬೇಡಿ.

ಹಾಗಂತ ಚೆನ್ನೈಗೆ ಏನೂ ಸಿಗುವುದಿಲ್ಲ ಅಂತಲ್ಲ. ಗೋದಾಮು, ಕ್ರೇನ್, ಹಮಾಲಿ, ಕ್ಲಿಯರಿಂಗ್ ಏಜೆಂಟ್, ಈ ಕೆಲಸಗಳೆಲ್ಲ ಅಲ್ಲಿಯವರಿಗೆ, ಅದು ನ್ಯಾಯವಾದ ದುಡಿಮೆ. ನಮ್ಮ ಲೆಕ್ಕ ಸೋರುವ ಜಾಗ ಒಂದೇ, ಆ ಶಿಪ್ಪಿಂಗ್ ಬಿಲ್ ತುಂಬುವ ಟೇಬಲ್ಲು. ಮಾಲು ಬೆಳೆದಿದ್ದು ಬಾಗೇಪಲ್ಲಿಯಲ್ಲಿ, ಮಂಡಿಯಲ್ಲಿ ಕೊಂಡು ಕಳಿಸುವವನ ಆಫೀಸು ಬೇರೆ ಕಡೆ. ಮಾಲು ಹುಟ್ಟಿದ ಜಿಲ್ಲೆಯ ಕಲಂನಲ್ಲಿ ಅವನು ತನ್ನ ಆಫೀಸಿನ ಊರು ಬರೆದುಬಿಟ್ಟರೆ ಚಿಕ್ಕಬಳ್ಳಾಪುರದ ಹೆಸರು ಹೋಯಿತು. ರೈತ ಉತ್ಪಾದಕರ ಸಂಸ್ಥೆ (ಎಫ್‌ಪಿಒ) ನಡೆಸುವವರು, ಸ್ವಂತ ಹೆಸರಲ್ಲಿ ಕಳಿಸುವವರು ದಯವಿಟ್ಟು ಆ ಕಲಂ ಒಮ್ಮೆ ಕಣ್ಣಾರೆ ನೋಡಿ. ಏಜೆಂಟ್ ತುಂಬುತ್ತಾನೆ ಅಂತ ಬಿಡಬೇಡಿ.

ಇದೇ ಮಾತಿಗೆ ಇನ್ನೊಂದು ಹೇಳಬೇಕು. ಜಿಲ್ಲೆಯ ರಫ್ತು ಜಾಸ್ತಿ ಅಂದರೆ ಜಿಲ್ಲೆಗೆ ಬರುವ ದುಡ್ಡೂ ಅಷ್ಟೇ ಜಾಸ್ತಿನಾ? ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ. ವಿಸ್ಟ್ರಾನ್ ಇದ್ದ ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಕೊಂಡಿತು. ಅಲ್ಲಿಂದ ಒಂದು ಫೋನು ಹೊರದೇಶಕ್ಕೆ ಹೋದರೆ ಅದರ ಪೂರ್ತಿ ಬೆಲೆ ರಫ್ತಿನ ಲೆಕ್ಕಕ್ಕೆ ಸೇರುತ್ತದೆ. ಆದರೆ ಒಳಗಿನ ಚಿಪ್ಪು, ಮತ್ತೆಷ್ಟೋ ಭಾಗ ಆಮದಾಗಿ ಬಂದವು, ಅದರ ದುಡ್ಡು ಆಗಲೇ ಹೊರಗೆ ಹೋಗಿದೆ. ಇಲ್ಲಿ ಉಳಿಯುವುದು ಮುಖ್ಯವಾಗಿ ಸಂಬಳ, ಬಾಡಿಗೆ, ಕ್ಯಾಂಟೀನು, ಬಸ್ಸು, ಕರೆಂಟ್ ಬಿಲ್ಲು. ಅದೂ ಸಣ್ಣದಲ್ಲ, ಎಷ್ಟು ಮನೆಯ ಹೆಣ್ಣುಮಕ್ಕಳು ಅದರಿಂದ ಮನೆ ನಡೆಸುತ್ತಿದ್ದಾರೆ.

ಮಿಡಿಸೌತೆ ನೋಡಿ. ಕರ್ನಾಟಕದಲ್ಲಿ ಇದು ಶುರುವಾಗಿದ್ದು 1990ರ ದಶಕದ ಮೊದಲಲ್ಲಿ, ಕಂಪನಿ ಒಪ್ಪಂದದ ಬೆಳೆಯಾಗಿ. ಈಗ ಪ್ರಪಂಚದಲ್ಲೇ ಅತಿ ಹೆಚ್ಚು ರಫ್ತು ಮಾಡುವುದು ಭಾರತ. 2020-21ರಲ್ಲಿ ದೇಶದಿಂದ ಸೌತೆ, ಮಿಡಿಸೌತೆ ಸೇರಿ 2,23,515 ಟನ್ ಹೋಯಿತು. ಮೂರು ತಿಂಗಳ ಬೆಳೆ. ಕಾಯಿ ಬಿಡಲು ಶುರುವಾದರೆ ದಿನಾ ಕೀಳಬೇಕು, ಒಂದು ದಿನ ಬಿಟ್ಟರೆ ಕಾಯಿ ದಪ್ಪಗಾಗಿ ಗ್ರೇಡ್ ಇಳಿಯುತ್ತದೆ. ಕೆಜಿಗೆ ಎಷ್ಟು ಕಾಯಿ ಬರುತ್ತದೆ ಅನ್ನುವುದರ ಮೇಲೆ ರೇಟು, ಕಾಯಿ ಸಣ್ಣಗಿದ್ದಷ್ಟೂ ರೇಟು ಜಾಸ್ತಿ. ಹೀಗೆ ಬಗ್ಗಿ ಕಿತ್ತ ಕಾಯಿ ವಿನಿಗರ್‌ನಲ್ಲೋ ಉಪ್ಪುನೀರಲ್ಲೋ ಮುಳುಗಿ ಅಮೆರಿಕ, ಫ್ರಾನ್ಸ್, ರಷ್ಯಾಕ್ಕೆ ಹೋಗುತ್ತದೆ. ಒಂದು ಡ್ರಮ್ಮಿನ ಬೆಲೆ ಫೋನಿನ ಮುಂದೆ ಏನೂ ಅಲ್ಲ. ಆದರೆ ಆ ಬೆಲೆಯಲ್ಲಿ ನಮ್ಮ ಕೂಲಿ, ನಮ್ಮ ಗೊಬ್ಬರ, ನಮ್ಮ ಬೋರ್‌ವೆಲ್ ನೀರು ಇರುವ ಪಾಲು ಫೋನಿಗಿಂತ ಎಷ್ಟೋ ದೊಡ್ಡದು. ಆದ್ದರಿಂದ ಯಾರಾದರೂ ಜಿಲ್ಲೆಯ ರಫ್ತು ಇಷ್ಟು ಕೋಟಿ ಅಂದರೆ, ಅದರಲ್ಲಿ ಆಮದಾಗಿ ಬಂದಿದ್ದು ಎಷ್ಟು, ಇಲ್ಲೇ ಹುಟ್ಟಿದ್ದು ಎಷ್ಟು ಅಂತ ಕೇಳಿ.