‘ನ್ಯೂಸ್’ ಏಕವಚನವೋ, ಬಹುವಚನವೋ?

ಪ್ರಶ್ನೆ: ‘ನ್ಯೂಸ್’ ಪದದ ಕೊನೆಯಲ್ಲಿ ‘ಎಸ್’ ಇದೆಯಲ್ಲ, ಅದು ಬಹುವಚನವೇ? ‘ಎ ಗುಡ್ ನ್ಯೂಸ್’ ಅನ್ನಬಹುದೇ?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ವೇಷ ಬಹುವಚನದ್ದು, ನಡೆ ಏಕವಚನದ್ದು. ‘ದ ನ್ಯೂಸ್ ಈಸ್ ಗುಡ್’ ಸರಿ, ‘ಆರ್ ಗುಡ್’ ತಪ್ಪು. ಎಣಿಸುವ ಪದವಲ್ಲ, ಹಾಗಾಗಿ ಹಿಂದೆ ‘ಎ’ ಬರುವುದಿಲ್ಲ, ‘ಟೂ’ ಕೂಡ ಬರುವುದಿಲ್ಲ. ಎಣಿಸಲೇಬೇಕಿದ್ದರೆ ‘ಎ ಪೀಸ್ ಆಫ್ ನ್ಯೂಸ್’ ಅನ್ನಿ. ‘ಒಂದು ಸಿಹಿಸುದ್ದಿ’ ಎಂದು ಹೇಳಿ ರೂಢಿಯಾದ ನಾಲಿಗೆಗೆ ‘ಎ ಗುಡ್ ನ್ಯೂಸ್’ ತಾನಾಗಿ ಬರುತ್ತದೆ, ಅಷ್ಟೇ.

ಇಷ್ಟು ಹೇಳಿ ಬೋರ್ಡ್ ಒರೆಸುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಒಂದು ಕೈ ಏಳುತ್ತದೆ. ‘ಸರ್, ನಾರ್ತ್, ಈಸ್ಟ್, ವೆಸ್ಟ್, ಸೌತ್ ಸೇರಿ ನ್ಯೂಸ್ ಆಗಿದ್ದಲ್ವಾ?’

ಅಲ್ಲಪ್ಪಾ, ಅಲ್ಲ! ನಾಲ್ಕು ದಿಕ್ಕಿಗೂ ಈ ಪದಕ್ಕೂ ಸಂಬಂಧವೇ ಇಲ್ಲ. ‘ನ್ಯೂ’ ಅಂದರೆ ಹೊಸ. ಅದಕ್ಕೆ ‘ಎಸ್’ ಸೇರಿಸಿದರೆ ‘ಹೊಸವು’, ಅಂದರೆ ಹೊಸ ಸಂಗತಿಗಳು. ಫ್ರೆಂಚರ ‘ನುವೆಲ್’ ಕೂಡ ಹೀಗೆಯೇ ಹುಟ್ಟಿದ ಪದ. ನಂಬಿಕೆ ಬರಲಿಲ್ಲವೇ? ಹಳೆಯ ಇಂಗ್ಲಿಷ್ ಮುದ್ರಣಗಳಲ್ಲಿ ಇದರ ಕಾಗುಣಿತ ಎನ್-ಇ-ಡಬ್ಲ್ಯೂ-ಇ-ಎಸ್. ಆ ಎರಡನೆಯ ‘ಇ’ ಯಾವ ದಿಕ್ಕು? ಸೂರ್ಯ ಎರಡು ಕಡೆ ಹುಟ್ಟುತ್ತಿದ್ದನೇ? ಮೊದಲಕ್ಷರ ಜೋಡಿಸಿ ಪದ ಕಟ್ಟುವ ಚಾಳಿ ಇಂಗ್ಲಿಷಿನಲ್ಲಿ ಬೆಳೆದದ್ದೇ 20ನೇ ಶತಮಾನದಲ್ಲಿ. ರೇಡಾರ್, ಲೇಸರ್ ಹಾಗೆ ಬಂದವು. ನ್ಯೂಸ್ ಅವಕ್ಕಿಂತ ಶತಮಾನಗಳಷ್ಟು ಹಿರಿಯದು. ಸಾಲದ್ದಕ್ಕೆ, ಇಂಗ್ಲಿಷರು ದಿಕ್ಕು ಹೇಳುವ ವಾಡಿಕೆ ‘ನಾರ್ತ್, ಸೌತ್, ಈಸ್ಟ್, ವೆಸ್ಟ್’. ಆ ಕ್ರಮದಲ್ಲಿ ಜೋಡಿಸಿ ಓದಿ ನೋಡಿ, ಬಾಯಿ ತಿರುಗಿದರೆ ಹೇಳಿ.

ಹುಟ್ಟಿನಲ್ಲಿ ಬಹುವಚನವಾದ್ದರಿಂದಲೇ 400 ವರ್ಷ ಹಿಂದಿನ ನಾಟಕಗಳಲ್ಲಿ ‘ದೀಸ್ ನ್ಯೂಸ್’ ಸಿಗುತ್ತದೆ. ಈಗ ಹಾಗೆ ಬರೆದರೆ ಅಂಕ ಕಳೆಯುತ್ತೇನೆ.

‘ಎಸ್’ನ ಮಾತು ಬಂದಾಗ ಕ್ರಿಕೆಟ್ಟಿನ ‘ಇನ್ನಿಂಗ್ಸ್’ ಬಿಡಲಾಗದು. ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಅದಕ್ಕೂ ಕೊನೆಗೆ ‘ಎಸ್’ ಇದೆ, ಆದರೆ ಅದನ್ನು ಎಣಿಸಬಹುದು: ‘ಆನ್ ಇನ್ನಿಂಗ್ಸ್’, ‘ಟೂ ಇನ್ನಿಂಗ್ಸ್’. ಒಂದಿದ್ದರೂ ಇನ್ನಿಂಗ್ಸ್, ಎರಡಿದ್ದರೂ ಇನ್ನಿಂಗ್ಸ್. ಒಂದೇ ಆಯಿತೆಂದು ‘ಎಸ್’ ಕಿತ್ತು ‘ಇನ್ನಿಂಗ್’ ಎಂದಿರೋ, ನೀವು ಬೇಸ್‌ಬಾಲ್ ಮೈದಾನದಲ್ಲಿ ನಿಂತಿದ್ದೀರಿ.