ನೀವು ಯಾವ ರಾಜ್ಯದವರು? ಕಾಲೇಜಿಗೂ ತೆರಿಗೆಗೂ ಒಂದೇ ಉತ್ತರ ಇರಲಿ

ಅಮೆರಿಕದಲ್ಲಿ ಕಂಪನಿ ವರ್ಷಕ್ಕೊಮ್ಮೆ ಕೊಡುವ ಸಂಬಳ-ತೆರಿಗೆಯ ಪತ್ರ, ಅಂದರೆ ಡಬ್ಲ್ಯು-2, ಕೈಗೆ ಬಂದರೆ ಹೆಚ್ಚಿನವರು ಮೊದಲನೇ ಬಾಕ್ಸ್‌ನಲ್ಲಿರುವ ಸಂಬಳ ನೋಡಿ ಮಡಚಿಡುತ್ತಾರೆ. ನನ್ನ ಕಣ್ಣು ಮೊದಲು ಹೋಗುವುದು ಕೆಳಗಿನ ಸಾಲಿಗೆ, 15ನೇ ಬಾಕ್ಸ್‌ಗೆ. ಸಂಬಳ ಯಾವ ರಾಜ್ಯದ ಲೆಕ್ಕಕ್ಕೆ ಹೋಗಿದೆ ಎಂದು ಎರಡೇ ಅಕ್ಷರದಲ್ಲಿ ಅಲ್ಲಿ ಬರೆದಿರುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಮೇಜಿಗೆ ಬಂದ ಒಂದು ಡಬ್ಲ್ಯು-2ನಲ್ಲಿ ಆ ಬಾಕ್ಸ್ ಖಾಲಿ ಇತ್ತು.

ಅದು ಟೆಕ್ಸಾಸ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ಕನ್ನಡದ ಕುಟುಂಬ. ಬಂದು ಎರಡು ವರ್ಷವಾಗಿತ್ತು. ಅಪ್ಪ ಹಳೆಯ ಟೆಕ್ಸಾಸ್ ಕಂಪನಿಗೇ ಮನೆಯಿಂದ ಕೆಲಸ ಮಾಡುತ್ತಿದ್ದರು. ಕಂಪನಿಯ ಪೇರೋಲ್‌ನಲ್ಲಿ, ಅಂದರೆ ಸಂಬಳದ ಲೆಕ್ಕದಲ್ಲಿ, ವಿಳಾಸ ಬದಲಿಸಿರಲಿಲ್ಲ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಬಾಕ್ಸ್ ಖಾಲಿ. ಮಗಳು ಇಲ್ಲೇ ಹೈಸ್ಕೂಲ್ ಮುಗಿಸಿ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಪಡೆದಿದ್ದಳು. ಜುಲೈನಲ್ಲಿ ಕಾಲೇಜಿನಿಂದ ಪತ್ರ ಬಂತು: ನೀವು ಈ ರಾಜ್ಯದ ನಿವಾಸಿಗಳು ಎನ್ನುವುದಕ್ಕೆ ಪುರಾವೆ ಕೊಡಿ, ತಂದೆ ತಾಯಿಯ ಕ್ಯಾಲಿಫೋರ್ನಿಯಾ ತೆರಿಗೆ ರಿಟರ್ನ್ ಸೇರಿಸಿ.

"ಟ್ಯಾಕ್ಸ್ ಕಟ್ ಆಗ್ಲೇ ಇಲ್ಲ, ಇನ್ನು ರಿಟರ್ನ್ ಯಾಕೆ ಅಂದ್ಕೊಂಡ್ವಿ ಮೇಡಂ" ಎಂದರು ಅಪ್ಪ. ಮಗಳು ಪಕ್ಕದಲ್ಲೇ ಕೂತು ಆ ಪತ್ರವನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು.

ಅವಳ ಹೆದರಿಕೆ ಸುಮ್ನೆ ಅಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಹೊರರಾಜ್ಯದ ವಿದ್ಯಾರ್ಥಿ ಎಂದು ಬರೆದುಕೊಂಡರೆ ಮಾಮೂಲಿ ಫೀಸಿನ ಮೇಲೆ ಇನ್ನೊಂದು ಫೀಸು ಬೀಳುತ್ತದೆ. 2024-25ರಲ್ಲಿ ಅದೊಂದೇ 34,200 ಡಾಲರ್ ಇತ್ತು. ಒಂದು ವರ್ಷಕ್ಕೆ.

ನಮ್ಮೂರಲ್ಲಿ ಸಿಇಟಿಗೆ ಏಳು ವರ್ಷ ಕರ್ನಾಟಕದಲ್ಲಿ ಓದಿದ ಸರ್ಟಿಫಿಕೇಟ್ ಮಾಡಿಸಿ, ಬಿಇಒ ಸಹಿಗೆ ಓಡಾಡಿದ್ದು ನಿಮಗೆ ನೆನಪಿರಬಹುದು. ಓಡಾಟ ಜಾಸ್ತಿ, ಆದರೆ ಒಂದು ಕಾಗದ ಸಿಕ್ಕರೆ ಕೆಲಸ ಆಯಿತು. ಅಮೆರಿಕದಲ್ಲಿ ಅಂಥ ಒಂದು ಕಾಗದ ಇಲ್ಲ. ಕ್ಯಾಲಿಫೋರ್ನಿಯಾದ ಈ ವಿಶ್ವವಿದ್ಯಾಲಯ ನೋಡುವುದು, ತರಗತಿ ಶುರುವಾಗುವ ಹೊತ್ತಿಗೆ ನೀವು ಇಲ್ಲಿ 366 ದಿನಕ್ಕಿಂತ ಕಡಿಮೆ ಇಲ್ಲದಂತೆ ಇದ್ದೀರಾ, ಇಲ್ಲೇ ನೆಲೆಸುವ ಮನಸ್ಸು ಇದೆಯಾ ಎಂದು. ದಿನಗಳನ್ನು ಬಾಡಿಗೆ ಕರಾರು, ಶಾಲೆಯ ದಾಖಲೆ ತೋರಿಸುತ್ತವೆ. ಮನಸ್ಸನ್ನು ತೋರಿಸುವುದು ಹೇಗೆ? ಡ್ರೈವಿಂಗ್ ಲೈಸೆನ್ಸ್, ಗಾಡಿಯ ನೋಂದಣಿ, ಎಲ್ಲಕ್ಕಿಂತ ಗಟ್ಟಿಯಾಗಿ ತೆರಿಗೆ ರಿಟರ್ನ್. ವಿದ್ಯಾರ್ಥಿಗೆ 24 ತುಂಬಿರದಿದ್ದರೆ ಸಾಮಾನ್ಯವಾಗಿ ಅಪ್ಪ ಅಮ್ಮನ ಕಾಗದವನ್ನೂ ಕೇಳುತ್ತಾರೆ.

ಈ ಮನೆಯಲ್ಲಿ ಅಮ್ಮನ ಲೈಸೆನ್ಸ್ ಬದಲಾಗಿತ್ತು, ಅಪ್ಪನದು ಇನ್ನೂ ಟೆಕ್ಸಾಸಿನದೇ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ 10 ದಿನದೊಳಗೆ ಲೈಸೆನ್ಸ್, 20 ದಿನದೊಳಗೆ ಗಾಡಿ ನೋಂದಣಿ ಬದಲಿಸಬೇಕು ಎನ್ನುವ ನಿಯಮ ಅವರಿಗೆ ಗೊತ್ತಿರಲಿಲ್ಲ.

ಈಗ ತೆರಿಗೆಯ ಮಾತು. ಕ್ಯಾಲಿಫೋರ್ನಿಯಾದ ಲೆಕ್ಕದಲ್ಲಿ ಕಂಪನಿ ಎಲ್ಲಿದೆ ಎನ್ನುವುದಕ್ಕಿಂತ ನೀವು ಎಲ್ಲಿ ಕೂತು ಕೆಲಸ ಮಾಡಿದಿರಿ ಎನ್ನುವುದು ಮುಖ್ಯ. ವರ್ಷದಲ್ಲಿ ಒಂಬತ್ತು ತಿಂಗಳಿಗಿಂತ ಜಾಸ್ತಿ ಇಲ್ಲಿದ್ದರೆ ನಿವಾಸಿ ಎಂದೇ ತೆರಿಗೆ ಇಲಾಖೆ ಹಿಡಿದುಕೊಳ್ಳುತ್ತದೆ, ಅಲ್ಲ ಎಂದು ತೋರಿಸುವುದು ನಿಮ್ಮ ಹೊಣೆ. ಪೇರೋಲ್‌ನಲ್ಲಿ ಕಟ್ ಆಗದಿದ್ದರೂ ತೆರಿಗೆ ಬಾಕಿ ಇದ್ದೇ ಇರುತ್ತದೆ. ನ್ಯೂಯಾರ್ಕಿನ ಅಳತೆ ಬೇರೆ: ಅಲ್ಲಿ ಕಾಯಂ ಮನೆ ಇಟ್ಟುಕೊಂಡು 184 ದಿನ ಕಳೆದರೆ ತೆರಿಗೆಗೆ ನಿವಾಸಿ. ಸ್ನೇಹಿತರು ವಾಟ್ಸಾಪ್‌ನಲ್ಲಿ ಕಳಿಸಿದ ಬೇರೆ ರಾಜ್ಯದ ನಿಯಮವನ್ನು ನಿಮ್ಮದಕ್ಕೆ ಹಚ್ಚಬೇಡಿ.

ಎರಡು ರಿಟರ್ನ್ ತಯಾರು ಮಾಡಿದೆವು. ಬಂದ ವರ್ಷಕ್ಕೆ, ಅರ್ಧ ವರ್ಷದ ನಿವಾಸಿಯಾಗಿ, ಫಾರ್ಮ್ 540ಎನ್‌ಆರ್. ಮುಂದಿನ ವರ್ಷಕ್ಕೆ ಪೂರ್ತಿ ನಿವಾಸಿಯಾಗಿ ಫಾರ್ಮ್ 540. ತಡವಾಗಿದ್ದಕ್ಕೆ ಬಾಕಿಯ ಮೇಲೆ ತಿಂಗಳಿಗೆ ಶೇಕಡಾ 5ರಂತೆ ಶೇಕಡಾ 25ರವರೆಗೂ ದಂಡ ಬೀಳಬಹುದು, ಬಡ್ಡಿ ಬೇರೆ. ನೋವಿನ ಮೊತ್ತವೇ ಅದು. ಆದರೆ ಕಾಲೇಜಿನ ಮುಂದೆ "ನಾವು ಕ್ಯಾಲಿಫೋರ್ನಿಯಾದವರು", ತೆರಿಗೆ ಇಲಾಖೆಯ ಮುಂದೆ "ಅಲ್ಲ" ಎಂದು ನಿಲ್ಲಲು ಆಗುವುದಿಲ್ಲ, ಅಲ್ವಾ? ಆ ಮಾತನ್ನು ಮಗಳ ಎದುರಿಗೇ ಹೇಳಿದೆ. ಅವಳ ಅರ್ಜಿ ನಿಂತಿದ್ದೇ ಅದರ ಮೇಲೆ.

ಒಂದು ವಿಷಯದಲ್ಲಿ ಮಾತ್ರ ನಾನು ಕೈ ಹಿಡಿದು ನಿಲ್ಲಿಸುತ್ತೇನೆ. ನಿವಾಸಕ್ಕೆ ಪುರಾವೆಯಾಗುವ ದಾಖಲೆಗಳಲ್ಲಿ ಮತದಾರರ ನೋಂದಣಿಯೂ ಒಂದು. ಡಿಎಂವಿಯಲ್ಲಿ, ಅಂದರೆ ಇಲ್ಲಿನ ಆರ್‌ಟಿಒದಲ್ಲಿ, ಲೈಸೆನ್ಸ್ ಮಾಡಿಸುವಾಗ ಮತದಾರರಾಗುತ್ತೀರಾ ಎಂದು ಕೇಳುತ್ತಾರೆ. ಕೆಲಸದ ವೀಸಾ ಎಚ್-1ಬಿ, ಅವರ ಕುಟುಂಬದವರ ವೀಸಾ ಎಚ್-4, ಗ್ರೀನ್ ಕಾರ್ಡ್, ಏನೇ ಇರಲಿ, ಪೌರತ್ವ ಬಂದಿಲ್ಲ ಎಂದರೆ ಅಲ್ಲಿ "ಹೌದು" ಎಂದು ಹೇಳಲೇಬೇಡಿ. ಗೊತ್ತಿಲ್ಲದೆ ಮಾಡಿದರೂ ವಲಸೆಯ ದಾರಿಯೇ ಮುಚ್ಚಿಹೋಗಬಹುದು.

ವೀಸಾ ಇನ್ನೊಂದು ಗೊಂದಲ. ಎಚ್-4 ಮಕ್ಕಳಿಗೆ ಕೇಂದ್ರ ಸರ್ಕಾರದ ನೆರವು, ಅಂದರೆ ಫಾಫ್ಸಾ ಎನ್ನುವ ಅರ್ಜಿಯ ಮೂಲಕ ಸಿಗುವ ಪೆಲ್ ಗ್ರಾಂಟ್ ಎಂಬ ಸಹಾಯಧನ, ಸಾಲ, ಸಿಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಸಿಗುತ್ತದೆ. ಆದರೆ ರಾಜ್ಯದೊಳಗಿನ ಫೀಸಿಗೆ ಎಚ್-4 ಇದ್ದವರೂ ನಿವಾಸಿ ಎಂದು ತೋರಿಸಬಹುದು. ಇವೆರಡನ್ನೂ ಒಂದೇ ಎಂದುಕೊಂಡು ಅರ್ಜಿಯನ್ನೇ ಹಾಕದ ಮನೆಗಳನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. 21 ತುಂಬಿ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕಾದ ಮಗು ಇದ್ದರೆ, ಬದಲಿಸುವ ಮೊದಲೇ ಕಾಲೇಜಿನ ರೆಸಿಡೆನ್ಸಿ ಕಚೇರಿಯಲ್ಲಿ ಕೇಳಿ. ಸಾಮಾನ್ಯವಾಗಿ ಎಫ್-1 ಮೇಲೆ ನಿವಾಸಿಯಾಗಲು ಬರುವುದಿಲ್ಲ.

ಈ ಬೇಸಿಗೆಯಲ್ಲಿ ರಾಜ್ಯ ಬದಲಿಸುತ್ತಿದ್ದೀರಾ? ಸಾಮಾನು ಸಾಗಿಸಿದ ಬಿಲ್ಲು, ಬಾಡಿಗೆ ಕರಾರು, ಹೊಸ ಶಾಲೆಯ ಸೇರ್ಪಡೆ ಕಾಗದ, ಮೂರನ್ನೂ ಒಂದು ಫೈಲಿನಲ್ಲಿ ಹಾಕಿ. ಅದೇ ವಾರ ಪೇರೋಲ್‌ನವರಿಗೆ ಹೊಸ ವಿಳಾಸ ಬರೆದು ಕಳಿಸಿ, ಬಂದ ಉತ್ತರವನ್ನೂ ಪ್ರಿಂಟ್ ಹಾಕಿ ಅದೇ ಫೈಲಿಗೆ ಸೇರಿಸಿ.